ಬೆಂಗಳೂರು–ಟೋಕಿಯೊ ವಿಮಾನ ಎಷ್ಟು ಹೊತ್ತು? ಡಾಕ್ಟರನ್ನು ಕೇಳಿ

ಡಾಕ್ಟರ್: ಮಕ್ಕಳ ಮನೆಗೆ ಜಪಾನಿಗೆ ಹೊರಟ ಹಿರಿಯರ ಆರೋಗ್ಯದ ಬಗ್ಗೆ ಕೇಳಿ. ಬೆಂಗಳೂರಿಂದ ಟೋಕಿಯೊದ ನರಿತಾ ಏರ್‌ಪೋರ್ಟ್‌ಗೆ ನೇರ ದಾರಿ ಸುಮಾರು 6,700 ಕಿ.ಮೀ. ಹೋಗುವಾಗ 8 ಗಂಟೆ ಆಸುಪಾಸು, ಬರುವಾಗ ಒಂದೂವರೆ ಗಂಟೆ ಜಾಸ್ತಿ. ಅಲ್ಲಿನ ಗಡಿಯಾರ ಮೂರೂವರೆ ಗಂಟೆ ಮುಂದೆ.

ಮೈಸೂರು: ಬರುವಾಗ ಯಾಕೆ ಜಾಸ್ತಿ ಸರ್?

ಡಾಕ್ಟರ್: ಮೇಲೆ ಪಶ್ಚಿಮದಿಂದ ಪೂರ್ವಕ್ಕೆ ಜೆಟ್ ಸ್ಟ್ರೀಮ್ ಗಾಳಿ. ಹೋಗುವಾಗ ಬೆನ್ನಿಗೆ, ಬರುವಾಗ ಎದುರಿಗೆ. ಚಳಿಗಾಲದಲ್ಲಿ ಇನ್ನೂ ಜೋರು.

ತುಮಕೂರು: ಅಮ್ಮನಿಗೆ 68. ಎಡ ಮಂಡಿ ಕೀಲು ಬದಲಾಯಿಸಿ 12 ದಿನ. ಅಕ್ಕನ ಹೆರಿಗೆಗೆ ಮುಂದಿನ ವಾರ ಟೋಕಿಯೊ ಟಿಕೆಟ್. ನಿನ್ನೆಯಿಂದ ಮೀನಖಂಡ ಊದಿದೆ, ಕಾಲ್ಚೀಲದ ಪಟ್ಟಿ ಒತ್ತಿದ ಗುರುತು ಸಂಜೆಯಾದರೂ ಹೋಗಿಲ್ಲ. ಎಳ್ಳೆಣ್ಣೆ ಬಿಸಿ ಮಾಡಿ ತಿಕ್ಕುತ್ತಿದ್ದೀವಿ.

ಡಾಕ್ಟರ್: ತಿಕ್ಕೋದು ಈಗಲೇ ನಿಲ್ಲಿಸಿ ತಾಯಿ. ಆಪರೇಷನ್ ಆದ ಕಾಲು ಸ್ವಲ್ಪ ಊದೋದು ಸಹಜ. ಆದರೆ 12ನೇ ದಿನ ಹೊಸದಾಗಿ ಮೀನಖಂಡ ಊದಿದೆ ಅಂದರೆ ಒಳಗಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿದೆಯಾ ಅಂತ ಮೊದಲು ನೋಡಬೇಕು. ಇವತ್ತೇ ಆಪರೇಷನ್ ಮಾಡಿದವರ ಹತ್ತಿರ ಹೋಗಿ ಕಾಲಿನ ಡಾಪ್ಲರ್ ಸ್ಕ್ಯಾನ್ ಮಾಡಿಸಿ. ಹೆಪ್ಪು ಕಳಚಿ ಶ್ವಾಸಕೋಶಕ್ಕೆ ಹೋದರೆ ಜೀವಕ್ಕೇ ಅಪಾಯ. ಉಸಿರು ಕಟ್ಟಿದರೆ, ಎದೆ ನೋವು ಬಂದರೆ, ಕೆಮ್ಮಿದಾಗ ರಕ್ತ ಬಂದರೆ ತಡ ಮಾಡದೆ 108ಕ್ಕೆ ಫೋನ್ ಮಾಡಿ.

ಇನ್ನು ಪ್ರಯಾಣ. 4 ಗಂಟೆ ಮೀರಿ ಕೂತೇ ಹೋದರೆ ಹೆಪ್ಪಿನ ಅಪಾಯ ಹೆಚ್ಚುಕಮ್ಮಿ ಎರಡರಷ್ಟಾಗುತ್ತೆ ಅಂತ ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲೇ ಹೇಳಿದೆ. ಆರೋಗ್ಯವಂತರಲ್ಲಿ ಅದು 6,000ಕ್ಕೆ ಒಬ್ಬರು; ಮಂಡಿ ಆಪರೇಷನ್ ಆದವರ ಲೆಕ್ಕ ಬೇರೆಯೇ. ತುಮಕೂರಿಂದ ಏರ್‌ಪೋರ್ಟ್‌ಗೆ ಎರಡು ಗಂಟೆ, ಅಲ್ಲಿ ಮೂರು, ವಿಮಾನದಲ್ಲಿ ಎಂಟು. 13 ಗಂಟೆ ಆ ಕಾಲು ಮಡಚಿರುತ್ತೆ. ಇಂಥವರಿಗೆ ದೂರದ ವಿಮಾನ ಮೂರು ತಿಂಗಳು ಬೇಡ ಅಂತಲೇ ಸಾಮಾನ್ಯವಾಗಿ ಹೇಳ್ತೀವಿ.

ಹಾಸನ: ಫಾರ್ವರ್ಡ್ ಬಂದಿದೆ: "ವಿಮಾನ ಹತ್ತುವ ಮುಂಚೆ ಎರಡು ಆಸ್ಪಿರಿನ್, ನಾಲ್ಕು ಎಸಳು ಬೆಳ್ಳುಳ್ಳಿ ನುಂಗಿದರೆ ರಕ್ತ ಹೆಪ್ಪುಗಟ್ಟಲ್ಲ. ಎಲ್ಲರಿಗೂ ಕಳಿಸಿ."

ಡಾಕ್ಟರ್: ಯಾರಿಗೂ ಕಳಿಸಬೇಡಿ. ಆಸ್ಪಿರಿನ್‌ನಿಂದ ಹೊಟ್ಟೆಯೊಳಗೆ ರಕ್ತ ಸೋರಬಹುದು. ರಕ್ತ ತೆಳು ಮಾಡುವ ಮಾತ್ರೆ ತಗೊಳ್ಳೋರು ಇದನ್ನು ಓದಿ ನುಂಗಿದರೆ ಗತಿ ಏನು?

ದಾವಣಗೆರೆ: ಸರ್, ಟೋಕಿಯೊಗೆ ಎಷ್ಟು ಗಂಟೆ?

ಡಾಕ್ಟರ್: ಮೇಲೆ ಇದೆ. 8.

ಬೆಳಗಾವಿ: ಭೂಮಿ ಪೂರ್ವಕ್ಕ ತಿರುಗ್ತದ್ರಿ. ಹಂಗಂದ್ರ ವಾಪಸ್ ಬರೂದು ಲಗೂ ಆಗಬೇಕು.

ಶಿವಮೊಗ್ಗ: ಭೂಮಿ ಜೊತೆ ಗಾಳಿನೂ ತಿರುಗುತ್ತೆ. ಓಡೋ ರೈಲಲ್ಲಿ ಜಿಗಿದರೆ ಹಿಂದಿನ ಬೋಗಿಗೆ ಹೋಗಿ ಬೀಳ್ತೀರಾ?

ಬೆಳಗಾವಿ: ರೈಲಿಗೆ ಗ್ವಾಡಿ ಅದಾವು. ವಿಮಾನ ಬಯಲಾಗ ಹಾರ್ತದ.

ಶಿವಮೊಗ್ಗ: ಹೈಸ್ಕೂಲ್ ಪುಸ್ತಕ ತೆಗೆದು ನೋಡಿ ಸ್ವಾಮಿ.

ಬೆಳಗಾವಿ: ನೀವು ನನಗ ಸಾಲಿ ಕಲಸಬ್ಯಾಡ್ರಿ.

ಮಂಡ್ಯ: ನಮ್ಮಪ್ಪ ಇನ್ಸುಲಿನ್ ತಗೊಳ್ತಾರೆ. ಮೂರೂವರೆ ಗಂಟೆ ವ್ಯತ್ಯಾಸಕ್ಕೆ ಡೋಸ್ ಹೆಂಗೆ ಸರ್?

ಉಡುಪಿ: ಎರಡು ತಿಂಗಳ ಬಿಪಿ ಮಾತ್ರೆ ಕೊಂಡುಹೋಗಬಹುದಾ?

ಡಾಕ್ಟರ್: ಒಂದು ತಿಂಗಳು ಮೀರಿದರೆ ಜಪಾನಿನ ಅನುಮತಿ ಪತ್ರ ಮೊದಲೇ ಬೇಕು. ಸ್ಯೂಡೋಎಫಿಡ್ರಿನ್ ಶೇ. 10 ಮೀರಿದ ನೆಗಡಿ ಮಾತ್ರೆ ಒಯ್ಯುವ ಹಾಗೇ ಇಲ್ಲ.

ಹಾಸನ: ನಮ್ಮ ಮಾವ ಆಸ್ಪಿರಿನ್ ನುಂಗಿಯೇ ಅಮೆರಿಕಕ್ಕೆ ಹೋಗಿಬಂದ್ರು. ಡಾಕ್ಟರುಗಳು ಹೆದರಿಸೋದೇ ಆಯ್ತು.

ಡಾಕ್ಟರ್: ನಿಮ್ಮ ಮಾವನ ವಿಷಯ ಬಿಡಿ. ತುಮಕೂರಿನವರೇ, ಸ್ಕ್ಯಾನ್ ಆಯ್ತಾ?

ತುಮಕೂರು: ಆಸ್ಪತ್ರೆಯಲ್ಲೇ ಇದ್ದೀವಿ, ಸರದಿಗೆ ಕಾಯ್ತಿದ್ದೀವಿ. ಅಮ್ಮ ಟಿಕೆಟ್ಟಿನದೇ ಚಿಂತೆ ಮಾಡ್ತಿದ್ದಾರೆ.

ಡಾಕ್ಟರ್: ಹೊಸದಾಗಿ ಊದಿದ್ದು ಅಂತ ಕೌಂಟರಿನಲ್ಲಿ ಹೇಳಿ, ಬೇಗ ಒಳಗೆ ಬಿಡ್ತಾರೆ. ಹೆಪ್ಪಿಲ್ಲ ಅಂತ ಬಂದರೂ ಮುಂದಿನ ವಾರದ ಟಿಕೆಟ್ ಬೇಡ.

ಮಂಡ್ಯ: ಸರ್, ಇನ್ಸುಲಿನ್ ಕೇಳಿದ್ದೆ.