ಪ್ರೆಸೆಂಟೇಷನ್ ಮುಗಿಯಿತು, ಈಗ ಅದರ ಬಗ್ಗೆ ಏನು ಬರೆಯಲಿ? ಅನುಭವ ಹಂಚಿಕೊಳ್ಳಿ

ಕೇಳಿದವರು: ಎಂಜಿನಿಯರಿಂಗ್ ವಿದ್ಯಾರ್ಥಿನಿ, ಚನ್ನಗಿರಿ ಹತ್ತಿರದ ಹಳ್ಳಿ

ನಾನು ಎರಡನೇ ಸೆಮಿಸ್ಟರ್‌ನಲ್ಲಿದ್ದೇನೆ. ಹತ್ತನೇ ತರಗತಿವರೆಗೆ ಓದಿದ್ದು ಕನ್ನಡ ಮೀಡಿಯಂ. ಪ್ರೊಫೆಷನಲ್ ಕಮ್ಯುನಿಕೇಷನ್ ತರಗತಿಯಲ್ಲಿ ಪ್ರತಿಯೊಬ್ಬರೂ ಏಳು ನಿಮಿಷ ಇಂಗ್ಲಿಷ್‌ನಲ್ಲಿ ಮಾತಾಡಬೇಕು. ಆಮೇಲೆ ನಮ್ಮ ಪ್ರೆಸೆಂಟೇಷನ್ ಬಗ್ಗೆ ನಾವೇ ಎರಡು ಪುಟ ರಿಫ್ಲೆಕ್ಷನ್ ಬರೆದು ಕೊಡಬೇಕು. ಹೋದ ವಾರ ನನ್ನ ಸರದಿ ಬಂತು. ವಿಷಯ ಸ್ಮಾರ್ಟ್ ವಾಟರ್ ಮ್ಯಾನೇಜ್‌ಮೆಂಟ್. ಉರು ಹೊಡೆದಿದ್ದು ನಡುವೆ ಮರೆತುಹೋಯಿತು. ನಾಲ್ಕೇ ನಿಮಿಷಕ್ಕೆ ಮುಗಿಸಿ ಬಂದು ಕೂತೆ. ವಿಡಿಯೋ ಕಳಿಸಿದ್ದಾರೆ, ನೋಡೋಕೆ ಧೈರ್ಯ ಬರ್ತಿಲ್ಲ. "ತುಂಬಾ ಭಯ ಆಯಿತು, ಮುಂದಿನ ಸಲ ಚೆನ್ನಾಗಿ ಮಾಡುತ್ತೇನೆ" ಅಂತ ಎರಡು ಸಾಲು ಬರೆದೆ, ಮುಂದಕ್ಕೆ ಏನೂ ತೋಚುತ್ತಿಲ್ಲ. ಮುಂದಿನ ತಿಂಗಳು ಎರಡನೇ ಪ್ರೆಸೆಂಟೇಷನ್ ಇದೆ. ನೀವೆಲ್ಲ ಏನು ಮಾಡಿದಿರಿ, ದಯವಿಟ್ಟು ಹೇಳಿ.

ತೀರ್ಥಹಳ್ಳಿ ಕಡೆಯವನು, ಈಗ ಬೆಂಗಳೂರಿನಲ್ಲಿ ಕೆಲಸ

ತಂಗಿ, ಮೊದಲು ವಿಡಿಯೋ ನೋಡಿ. ನಾನು ಎರಡು ವಾರ ನೋಡದೆ ಮುಂದಕ್ಕೆ ತಳ್ಳಿದ್ದೆ. ಆ ಎರಡು ವಾರ ನನ್ನ ತಲೆಯಲ್ಲಿ ಓಡುತ್ತಿದ್ದ ಪ್ರೆಸೆಂಟೇಷನ್, ನಿಜವಾಗಿ ನಡೆದಿದ್ದಕ್ಕಿಂತ ಎಷ್ಟೋ ಕೆಟ್ಟದಾಗಿತ್ತು.

ನಿಮ್ಮ ದನಿ ನಿಮಗೇ ಬೇರೆ ಯಾರದೋ ಅನ್ನಿಸುತ್ತದೆ, ಅದಕ್ಕೆ ಗಾಬರಿಯಾಗಬೇಡಿ. ಮಾತಾಡುವಾಗ ನಮ್ಮ ದನಿ ಗಾಳಿಯಲ್ಲಿ ಮಾತ್ರ ಅಲ್ಲ, ತಲೆಯ ಮೂಳೆಯ ಮೂಲಕವೂ ನಮ್ಮ ಕಿವಿಗೆ ಬರುತ್ತದೆ. ಹಾಗಾಗಿ ನಮಗೆ ಅದು ತುಂಬಿಕೊಂಡು ಕೇಳುತ್ತದೆ. ರೆಕಾರ್ಡಿಂಗ್‌ನಲ್ಲಿ ಮೂಳೆಯ ಪಾಲು ಇರುವುದಿಲ್ಲ, ದನಿ ತೆಳ್ಳಗಾಗುತ್ತದೆ. ನಿಮ್ಮ ಗೆಳತಿಯರು ದಿನಾ ಕೇಳುತ್ತಿರುವುದು ಆ ತೆಳ್ಳನೆಯ ದನಿಯನ್ನೇ.

ನಾನು ಮೂರು ಸಲ ನೋಡಿದೆ. ಮೊದಲ ಸಲ ಸುಮ್ನೆ ನೋಡಿದೆ, ಬೇಜಾರಾಯಿತು, ಮುಚ್ಚಿಟ್ಟೆ. ಮಾರನೇ ದಿನ ಸೌಂಡ್ ಪೂರ್ತಿ ಕಡಿಮೆ ಮಾಡಿ ನೋಡಿದೆ. ಆಗ ಕಂಡಿದ್ದು ನನ್ನ ಬೆನ್ನು! ಮೂರು ನಿಮಿಷ ನಲವತ್ತು ಸೆಕೆಂಡ್‌ನಲ್ಲಿ ಅರ್ಧಕ್ಕಿಂತ ಜಾಸ್ತಿ ಹೊತ್ತು ನಾನು ಪರದೆ ಕಡೆ ತಿರುಗಿ ಸ್ಲೈಡ್ ಓದುತ್ತಿದ್ದೆ. ಮೂರನೇ ಸಲ ಕಣ್ಣು ಮುಚ್ಚಿ ಬರೀ ಕೇಳಿದೆ, ಕೈಯಲ್ಲಿ ಪೆನ್ನು ಹಿಡಿದು. "ಸೋ" ಅಂದಾಗಲೆಲ್ಲ ಒಂದು ಗೆರೆ. ಮೂವತ್ತೊಂದು ಗೆರೆ ಬಿದ್ದವು. ಎಲ್ಲಿ ಬಿದ್ದವು ಅಂತ ನೋಡಿದರೆ, ಪ್ರತಿ ಹೊಸ ಸ್ಲೈಡ್ ಶುರುವಾಗುವ ಜಾಗದಲ್ಲಿ. ಒಂದು ಸ್ಲೈಡ್‌ನಿಂದ ಇನ್ನೊಂದಕ್ಕೆ ಯಾಕೆ ಹೋಗುತ್ತಿದ್ದೇನೆ ಅಂತ ನನಗೇ ಗೊತ್ತಿರಲಿಲ್ಲ. ಆ ಖಾಲಿ ಜಾಗವನ್ನು "ಸೋ" ತುಂಬುತ್ತಿತ್ತು.

ಅಲ್ಲಿಯವರೆಗೆ ನಾನು ಎಲ್ಲದಕ್ಕೂ ನನ್ನ ಇಂಗ್ಲಿಷ್ ಸರಿ ಇಲ್ಲ ಅಂದುಕೊಂಡಿದ್ದೆ. ವಿಡಿಯೋ ನೋಡಿದ ಮೇಲೆ ಬೇರೆ ವಿಷಯ ಗೊತ್ತಾಯಿತು. ಅದೇ ಮಾತನ್ನು ಕನ್ನಡದಲ್ಲಿ ಹೇಳು ಅಂದಿದ್ದರೂ ನನಗೆ ಆಗುತ್ತಿರಲಿಲ್ಲ. ವ್ಯವಸಾಯದಲ್ಲಿ ಇಂಟರ್‌ನೆಟ್ ಆಫ್ ಥಿಂಗ್ಸ್ ಅಂತ ಎಲ್ಲಿಂದಲೋ ಇಳಿಸಿಕೊಂಡ ಹದಿನಾಲ್ಕು ಸ್ಲೈಡ್ ಅದು. ಅದರಲ್ಲಿ ನನಗೆ ಅರ್ಥವಾಗಿದ್ದು ಎರಡೋ ಮೂರೋ. ಇದನ್ನೇ ರಿಫ್ಲೆಕ್ಷನ್‌ನಲ್ಲಿ ಬರೆದೆ. ಮುಚ್ಚುಮರೆ ಮಾಡಲಿಲ್ಲ.

ಎರಡನೇ ಸಲ ನಮ್ಮ ಮನೆಯದೇ ವಿಷಯ ತೆಗೆದುಕೊಂಡೆ. ಮಳೆಗಾಲದಲ್ಲಿ ಅಡಿಕೆಗೆ ಕೊಳೆ ರೋಗ ಬರದಂತೆ ಹೊಡೆಯುವ ಬೋರ್ಡೋ ದ್ರಾವಣ. ಒಂದು ಕಿಲೋ ಮೈಲುತುತ್ತ (ತಾಮ್ರದ ಸಲ್ಫೇಟ್), ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ಹುಯ್ಯಬೇಕು, ಸುಣ್ಣವನ್ನು ಮೈಲುತುತ್ತಕ್ಕೆ ಹುಯ್ಯಬಾರದು. ಹದ ಸರಿಯಾಗಿದೆಯಾ ಅಂತ ನೋಡಲು ಅಪ್ಪ ಕಬ್ಬಿಣದ ಚಾಕು ಅದ್ದಿ ತೆಗೆಯುತ್ತಿದ್ದರು. ಅಲಗು ಕೆಂಪಾದರೆ ತಾಮ್ರ ಇನ್ನೂ ಬಿಡಿಯಾಗಿ ಉಳಿದಿದೆ, ಸುಣ್ಣ ಸಾಲದು ಅಂತ ಅರ್ಥ. ಹಾಗೇ ಹೊಡೆದರೆ ಗಿಡ ಸುಡುತ್ತದೆ. ಮೊದಲು ಇದನ್ನು ಅಮ್ಮನ ಮುಂದೆ ಕನ್ನಡದಲ್ಲಿ ಹೇಳಿದೆ. "ಚಾಕು ಮೊದಲು ತೋರ್ಸೋ, ಆಮೇಲೆ ಲೆಕ್ಕ ಹೇಳು" ಅಂದರು. ಅಮ್ಮ ಹೇಳಿದ ಕ್ರಮದಲ್ಲೇ ಇಂಗ್ಲಿಷ್‌ಗೆ ತಂದೆ. ತರಗತಿಗೆ ಒಂದು ಗಾಜಿನ ಲೋಟ, ಮೈಲುತುತ್ತದ ನೀಲಿ ನೀರು, ಒಂದು ಹಳೇ ಚಾಕು ತೆಗೆದುಕೊಂಡು ಹೋದೆ. ಚಾಕು ಕೆಂಪಾಗಿದ್ದನ್ನು ಎತ್ತಿ ಹಿಡಿದಾಗ ಹಿಂದಿನ ಬೆಂಚಿನವರು ಎದ್ದು ನಿಂತು ನೋಡಿದರು. ಸ್ಲೈಡ್ ಐದೇ ಇದ್ದವು. ಗ್ರಾಮರ್ ತಪ್ಪು ಆಗಲೂ ಇತ್ತು. ಆದರೆ "ಸೋ" ಆರಕ್ಕೆ ಇಳಿದಿತ್ತು, ನಾನು ಎಣಿಸಿದ್ದೇನೆ.

ಧಾರವಾಡ, ಸೈಕಾಲಜಿ ಎಂ.ಎ. ಓದುತ್ತಿರುವವಳು

ಭಯದ ಬಗ್ಗೆ ಮಾತ್ರ ಹೇಳುತ್ತೇನೆ. ಕೈ ನಡುಗುವುದು, ಗಂಟಲು ಒಣಗುವುದು ನಮಗೆ ಎಷ್ಟು ಜೋರಾಗಿ ಗೊತ್ತಾಗುತ್ತದೋ, ಎದುರು ಕೂತವರಿಗೂ ಅಷ್ಟೇ ಕಾಣುತ್ತಿದೆ ಅಂದುಕೊಳ್ಳುತ್ತೇವೆ. ಹಾಗಿಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞರಾದ ಕೆನೆತ್ ಸಾವಿಟ್ಸ್ಕಿ ಮತ್ತು ಥಾಮಸ್ ಗಿಲೊವಿಚ್ 2003ರಲ್ಲಿ ಇದನ್ನು ವಿದ್ಯಾರ್ಥಿಗಳ ಭಾಷಣದ ಮೇಲೆಯೇ ಪರೀಕ್ಷಿಸಿ ನೋಡಿದರು. ಮಾತಾಡಿದವರು ತಮ್ಮ ಅಳುಕು ಎಷ್ಟು ಕಂಡಿತು ಅಂದುಕೊಂಡರೋ, ಕೇಳಿದವರಿಗೆ ಕಂಡಿದ್ದು ಅದಕ್ಕಿಂತ ಕಡಿಮೆ. ಈ ವಿಷಯವನ್ನು ಯಾರಿಗೆ ಮೊದಲೇ ತಿಳಿಸಿಹೇಳಿದ್ದರೋ ಆ ವಿದ್ಯಾರ್ಥಿಗಳು ಉಳಿದವರಿಗಿಂತ ಚೆನ್ನಾಗಿ ಮಾತಾಡಿದರು. ನಾನು ಇದನ್ನು ಓದಿದ ಮೇಲೆ ಪ್ರತಿ ಸೆಮಿನಾರ್‌ಗೂ ಮುಂಚೆ ನೆನಪಿಸಿಕೊಳ್ಳುತ್ತೇನೆ. ನೀವು ವಿಡಿಯೋ ನೋಡುವಾಗ ಇದನ್ನೇ ಹುಡುಕಿ. ನಿಮ್ಮ ಕೈ ನಡುಕ ಅದರಲ್ಲಿ ಕಾಣುತ್ತದಾ?

ಕೇಳಿದವರು

ಇವತ್ತು ನೋಡಿದೆ. ಕೈ ನಡುಕ ಕಾಣುವುದೇ ಇಲ್ಲ ಅಕ್ಕ! ಆದರೆ ನಾಲ್ಕನೇ ಸ್ಲೈಡ್‌ನಲ್ಲಿ ನಿಂತುಬಿಟ್ಟಿದ್ದೇನೆ. ಹನ್ನೊಂದು ಸೆಕೆಂಡ್ ಮೌನ. ಆಮೇಲೆ ಮುಂದಿನ ಎರಡು ಸ್ಲೈಡ್ ಹಾರಿಸಿ ಥ್ಯಾಂಕ್ ಯೂ ಅಂದಿದ್ದೇನೆ. ಹನ್ನೊಂದು ಸೆಕೆಂಡ್ ಆಗ ಹತ್ತು ನಿಮಿಷದ ಹಾಗೆ ಅನ್ನಿಸಿತ್ತು. ಇದನ್ನು ಹೇಗೆ ಬರೆಯಲಿ?

ಎಂಜಿನಿಯರಿಂಗ್ ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಮಾಡುವವರು, ಹಾಸನ ಜಿಲ್ಲೆ

ಆ ಹನ್ನೊಂದು ಸೆಕೆಂಡ್ ಬಗ್ಗೆಯೇ ಬರೆಯಿರಿ. ಎರಡು ಪುಟಕ್ಕೆ ಅಷ್ಟು ಸಾಕು.

ಹದಿನಾಲ್ಕು ವರ್ಷದಿಂದ ಇಂಥ ಬರಹಗಳನ್ನು ಓದುತ್ತಿದ್ದೇನೆ. ಹೆಚ್ಚಿನವರು ಬರೆಯುವುದು ಮೂರು ಮಾತು. ಭಯವಾಯಿತು, ಐ ಕಾಂಟ್ಯಾಕ್ಟ್ ಇರಲಿಲ್ಲ, ಕಾನ್ಫಿಡೆನ್ಸ್ ಬೆಳೆಸಿಕೊಳ್ಳುತ್ತೇನೆ. ಇದನ್ನು ಪ್ರೆಸೆಂಟೇಷನ್ ಕೊಡದೆಯೂ ಬರೆಯಬಹುದು, ಅಲ್ವಾ? ನನಗೆ ಬೇಕಾಗಿರುವುದು ನಿಮ್ಮ ಏಳು ನಿಮಿಷದಲ್ಲಿ ಮಾತ್ರ ನಡೆದ ಸಂಗತಿ. ಅದು ಯಾಕೆ ನಡೆಯಿತು ಅಂತ ನೀವು ಯೋಚಿಸಿದ್ದು.

ಗ್ರಹಾಂ ಗಿಬ್ಸ್ ಎಂಬ ಬ್ರಿಟಿಷ್ ಶಿಕ್ಷಣತಜ್ಞರು 1988ರಲ್ಲಿ ಇದಕ್ಕೆ ಆರು ಹಂತ ಹಾಕಿಕೊಟ್ಟರು. ಏನಾಯಿತು, ಹೇಗನ್ನಿಸಿತು, ಯಾವುದು ಸರಿಹೋಯಿತು ಯಾವುದು ಹೋಗಲಿಲ್ಲ, ಯಾಕೆ ಹಾಗಾಯಿತು, ಬೇರೆ ಏನು ಮಾಡಬಹುದಿತ್ತು, ಮುಂದೆ ಏನು ಮಾಡುತ್ತೇನೆ. ಎಷ್ಟೋ ವಿಶ್ವವಿದ್ಯಾಲಯಗಳು ಇದನ್ನೇ ಬಳಸುತ್ತವೆ. ಮಕ್ಕಳು ಮೊದಲ ಎರಡರಲ್ಲೇ ಒಂದೂವರೆ ಪುಟ ತುಂಬಿಸಿ, ಉಳಿದ ನಾಲ್ಕಕ್ಕೆ ಒಂದೊಂದು ಸಾಲು ಬರೆದು ಮುಗಿಸುತ್ತಾರೆ. ನಾಲ್ಕನೆಯದೇ ಇದರ ಜೀವ. ನಾನು ಮಾರ್ಕ್ಸ್ ಕೊಡುವಾಗ ಮೊದಲು ನೋಡುವುದು ಅದನ್ನೇ.

ನಿಮ್ಮದನ್ನೇ ತೆಗೆದುಕೊಳ್ಳೋಣ. "ನಾಲ್ಕನೇ ಸ್ಲೈಡ್‌ನಲ್ಲಿ ಮರೆತೆ" ಅಂದರೆ ಏನಾಯಿತು ಅಂತ ಹೇಳಿದ ಹಾಗಾಯಿತು, ಅಷ್ಟೇ. ಈಗ ಕೇಳಿಕೊಳ್ಳಿ. ಮೂರರಲ್ಲಿ ಯಾಕೆ ಮರೆಯಲಿಲ್ಲ? ನಾಲ್ಕರಲ್ಲಿ ಏನಿತ್ತು? ಉರು ಹೊಡೆದ ಮಾತು ಸರಪಳಿಯ ಹಾಗೆ, ಒಂದು ಕೊಂಡಿ ಕಳಚಿದರೆ ಮುಂದಿನದು ಕೈಗೆ ಸಿಗುವುದಿಲ್ಲ. ಅರ್ಥ ಮಾಡಿಕೊಂಡ ಮಾತಾದರೆ ನಡುವಿನಿಂದಲೂ ಶುರು ಮಾಡಬಹುದು. ಮುಂದಿನ ಸಲಕ್ಕೆ "ಚೆನ್ನಾಗಿ ತಯಾರಾಗುತ್ತೇನೆ" ಅಂತ ಬರೆಯಬೇಡಿ. "ಪ್ರತಿ ಸ್ಲೈಡ್‌ಗೆ ಒಂದೇ ಪದ ಒಂದು ಚೀಟಿಯಲ್ಲಿ ಬರೆದು, ಆ ಪದದಿಂದ ಮಾತಾಡುವುದನ್ನು ಅಭ್ಯಾಸ ಮಾಡುತ್ತೇನೆ. ನಾಲ್ಕನೆಯದರಿಂದ ಶುರು ಮಾಡಿಯೂ ಒಮ್ಮೆ ಹೇಳಿ ನೋಡುತ್ತೇನೆ" ಅಂತ ಬರೆಯಿರಿ. ಮುಂದಿನ ತಿಂಗಳು ಅದನ್ನು ಮಾಡಿದಿರಾ ಇಲ್ಲವಾ ಅಂತ ಆಗ ನಿಮಗೇ ಗೊತ್ತಾಗುತ್ತದೆ.

ಕ್ಲಾಸ್‌ಮೇಟ್‌ಗಳು ಕೊಡುವ ಫೀಡ್‌ಬ್ಯಾಕ್ ಹಾಳೆಯಲ್ಲಿ ಸಾಮಾನ್ಯವಾಗಿ "ಗುಡ್" ಅಂತ ಇರುತ್ತದೆ. ಅವರ ತಪ್ಪಲ್ಲ, ಯಾರಿಗೂ ಗೆಳತಿಯ ಮನಸ್ಸು ನೋಯಿಸಲು ಇಷ್ಟವಿಲ್ಲ. ಒಬ್ಬಳನ್ನು ಕ್ಯಾಂಟೀನ್‌ಗೆ ಕರೆದುಕೊಂಡು ಹೋಗಿ ಒಂದೇ ಪ್ರಶ್ನೆ ಕೇಳಿ: "ನಾನು ಹೇಳಿದ್ದರಲ್ಲಿ ನಿನಗೆ ಏನು ನೆನಪಿದೆ?" ಬರುವ ಉತ್ತರವನ್ನು ಹಾಗೇ ಬರೆದುಕೊಳ್ಳಿ.

ಇನ್ನೊಂದು ವಿಷಯ ಹೇಳಲೇಬೇಕು. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ (ವಿಟಿಯು) 2022ರ ಸ್ಕೀಮ್‌ನಲ್ಲಿ ಮೊದಲ ವರ್ಷಕ್ಕೆ ಕಮ್ಯುನಿಕೇಟಿವ್ ಇಂಗ್ಲಿಷ್, ಪ್ರೊಫೆಷನಲ್ ರೈಟಿಂಗ್ ಸ್ಕಿಲ್ಸ್ ಅಂತ ಇದ್ದವು, ಕೊನೆಯ ಪರೀಕ್ಷೆ ಸರಿಯುತ್ತರ ಆರಿಸುವಂಥದ್ದಾಗಿತ್ತು. ಬಾಯಿ ಬಿಟ್ಟು ಮಾತಾಡಲು ಸಿಗುವುದು ತರಗತಿಯ ಈ ಕೆಲವು ನಿಮಿಷ ಮಾತ್ರ. ಅರವತ್ತು ಮಕ್ಕಳಿರುವ ತರಗತಿಯಲ್ಲಿ ಒಬ್ಬರಿಗೆ ಏಳು ನಿಮಿಷ ಕೊಟ್ಟರೆ ಬರೀ ಮಾತಿಗೇ ಏಳು ಗಂಟೆ ಬೇಕು. ನಿಮ್ಮ ಮೇಡಂ ಅಷ್ಟು ಸಮಯ ಹೊಂದಿಸಿ, ವಿಡಿಯೋನೂ ಮಾಡಿಸಿ ಕೊಟ್ಟಿದ್ದಾರೆ. ಅವರ ಹತ್ತಿರ ಹೋಗಿ ಮಾತಾಡಿ, ಹಿಂಜರಿಯಬೇಡಿ.

ಕೆನಡಾದಲ್ಲಿ ಮಾಸ್ಟರ್ಸ್ ಮುಗಿಸಿದವನು, ಊರು ಗದಗ

ಇಲ್ಲಿ ನನಗೆ ಆದ ತೊಂದರೆ ಬೇರೆ. ತರಗತಿಯಲ್ಲಿ ನಾನು ಮಾತಾಡಿದ ಮೇಲೆ ಮೂರು ಜನ ಒಂದೇ ಪದವನ್ನು ಮತ್ತೆ ಕೇಳಿದರು. ಕಾಂಪೊನೆಂಟ್. ನಾನು ಮೊದಲ ಅಕ್ಷರಕ್ಕೆ ಒತ್ತು ಕೊಡುತ್ತಿದ್ದೆ, ಅವರು ನಡುವಿನ "ಪೊ"ಗೆ ಒತ್ತು ಬರುತ್ತದೆ ಅಂತ ಕಾಯುತ್ತಿದ್ದರು. ಕನ್ನಡದಲ್ಲಿ ಒತ್ತು ಎಲ್ಲಿ ಬಿದ್ದರೂ ಪದದ ಅರ್ಥ ಕೆಡುವುದಿಲ್ಲ. ಇಂಗ್ಲಿಷ್‌ನಲ್ಲಿ ಒತ್ತು ತಪ್ಪಿದರೆ ಪದವೇ ಗುರುತು ಸಿಗುವುದಿಲ್ಲ. ನನ್ನ ಆಕ್ಸೆಂಟ್ ಬದಲಾಗಬೇಕು ಅಂತ ಕೊರಗುತ್ತಿದ್ದವನಿಗೆ ಇದು ದೊಡ್ಡ ಸಮಾಧಾನ. ನನ್ನ ಪ್ರಾಜೆಕ್ಟ್‌ನಲ್ಲಿ ಪದೇ ಪದೇ ಬರುವ ಹನ್ನೆರಡು ಪದ ಆರಿಸಿ, ಡಿಕ್ಷನರಿಯಲ್ಲಿ ಒತ್ತು ನೋಡಿ, ಪೆನ್ಸಿಲ್‌ನಲ್ಲಿ ಗುರುತು ಹಾಕಿಕೊಂಡೆ. ಗದಗಿನ ದನಿ ಹಾಗೇ ಇದೆ. ಮತ್ತೆ ಕೇಳುವವರು ಕಡಿಮೆಯಾದರು.

ಆಮೇಲೆ ತ್ರೀ ಮಿನಿಟ್ ಥೀಸಿಸ್‌ಗೆ ತಯಾರಿ ಮಾಡಿಕೊಂಡೆ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯ 2008ರಲ್ಲಿ ಶುರು ಮಾಡಿದ ಸ್ಪರ್ಧೆ ಅದು. ಮೂರು ನಿಮಿಷ, ಒಂದೇ ಸ್ಲೈಡ್, ಅದರಲ್ಲಿ ಯಾವುದೂ ಅಲುಗಾಡುವ ಹಾಗಿಲ್ಲ. ಸ್ಪರ್ಧೆಗೆ ಹೋಗದಿದ್ದರೂ ಮನೆಯಲ್ಲಿ ಮಾಡಿ ನೋಡಿ. ನಿಮ್ಮ ಏಳು ನಿಮಿಷದ ಮಾತನ್ನು ಮೂರಕ್ಕೆ ಇಳಿಸಿದರೆ ಉಳಿಯುವುದು ಏನೋ, ನೀವು ನಿಜವಾಗಿ ಹೇಳಬೇಕಾಗಿರುವುದು ಅದೇ. ಅಲ್ಲಿಂದ ಮತ್ತೆ ಏಳಕ್ಕೆ ಬೆಳೆಸಿ.

ಮೈಸೂರು, ಬಿ.ಕಾಂ. ಕೊನೆಯ ವರ್ಷ

ನನಗೆ ಚಿಕ್ಕಂದಿನಿಂದ ತೊದಲು ಇದೆ. ಮೊದಲ ಪ್ರೆಸೆಂಟೇಷನ್‌ನ ರಿಫ್ಲೆಕ್ಷನ್‌ನಲ್ಲಿ ಎರಡು ಪುಟವೂ ತೊದಲಿನ ಬಗ್ಗೆಯೇ ಬರೆದೆ. ಸರ್ ಅದನ್ನು ವಾಪಸ್ ಕೊಟ್ಟು, "ನೀನು ಜಿಎಸ್‌ಟಿ ಬಗ್ಗೆ ಮಾತಾಡಿದೆ. ಅದು ಹೇಗಿತ್ತು ಅಂತ ಬರಿ" ಅಂದರು. ಯೋಚಿಸಿ ನೋಡಿದರೆ ನನ್ನ ಉದಾಹರಣೆಗಳು ಚೆನ್ನಾಗಿದ್ದವು, ಕೊನೆ ಮಾತ್ರ ಅವಸರದ್ದಾಗಿತ್ತು. ಎರಡನೇ ಸಲ ಶುರುವಿನಲ್ಲೇ "ನಾನು ತೊದಲುತ್ತೇನೆ, ಸ್ವಲ್ಪ ಹೊತ್ತು ಜಾಸ್ತಿ ಬೇಕಾಗುತ್ತದೆ" ಅಂತ ಹೇಳಿಬಿಟ್ಟೆ. ಸರ್ ಎರಡು ನಿಮಿಷ ಹೆಚ್ಚು ಕೊಟ್ಟರು. ಬಚ್ಚಿಡುವ ಕೆಲಸ ತಪ್ಪಿತು, ಮಾತಿನ ಮೇಲೆ ಗಮನ ಇಡಲು ಆಯಿತು. ನನ್ನ ಹಾಗೆ ಇರುವವರು ಯಾರಾದರೂ ಇದನ್ನು ಓದುತ್ತಿದ್ದರೆ, ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ತೊದಲಿಗೆ ಥೆರಪಿ ಕೊಡುತ್ತಾರೆ. ಒಮ್ಮೆ ಹೋಗಿ ಬನ್ನಿ.

ಕೇಳಿದವರು

ಎಲ್ಲರಿಗೂ ಥ್ಯಾಂಕ್ಸ್. ಹಾಸನದ ಮೇಡಂ ಹೇಳಿದ ಪ್ರಶ್ನೆಯನ್ನು ನನ್ನ ರೂಮ್‌ಮೇಟ್‌ಗೆ ಕೇಳಿದೆ. ಅವಳಿಗೆ ನೆನಪಿದ್ದಿದ್ದು ಒಂದೇ: "ನಿಮ್ಮೂರ ಹತ್ತಿರ ಸೂಳೆಕೆರೆ ಇದೆ ಅಂದೆಯಲ್ಲ, ಅದು." ನಾನು ಅದನ್ನು ಹೇಳಿದ್ದು ಒಂದೇ ಒಂದು ವಾಕ್ಯ. ಸ್ಲೈಡ್‌ನಲ್ಲೂ ಇರಲಿಲ್ಲ, ಬಾಯಿಗೆ ಬಂತು, ಹೇಳಿದೆ. ವಿಡಿಯೋ ಮತ್ತೆ ಹಾಕಿ ನೋಡಿದೆ. ಆ ಒಂದು ವಾಕ್ಯ ಹೇಳುವಾಗ ಮಾತ್ರ ನಾನು ತರಗತಿಯ ಕಡೆ ನೋಡುತ್ತಿದ್ದೇನೆ.

ರಿಫ್ಲೆಕ್ಷನ್ ಅಲ್ಲಿಂದಲೇ ಶುರು ಮಾಡಿದ್ದೇನೆ. ನಾಲ್ಕನೇ ಸ್ಲೈಡ್‌ನಲ್ಲಿ ಇದ್ದಿದ್ದು ಸೆನ್ಸರ್‌ಗಳ ಪಟ್ಟಿ, ಒಂಬತ್ತು ಹೆಸರು. ಅದರಲ್ಲಿ ಒಂದನ್ನೂ ನಾನು ಕಣ್ಣಲ್ಲಿ ಕಂಡಿಲ್ಲ. ಅದಕ್ಕೇ ನಿಂತೆ ಅಂತ ಬರೆದೆ. ಒಂದೂವರೆ ಪುಟ ಆಗಿದೆ. ಮುಂದಿನ ತಿಂಗಳಿಗೆ ಸೂಳೆಕೆರೆ ನೀರು ತೂಬಿನಿಂದ ನಮ್ಮ ಗದ್ದೆವರೆಗೆ ಹೇಗೆ ಬರುತ್ತದೆ ಅಂತ ಮಾತಾಡುತ್ತೇನೆ. ಭಾನುವಾರ ಊರಿಗೆ ಹೋಗ್ತಿದ್ದೇನೆ. ಅಜ್ಜನ ಜೊತೆ ತೂಬಿನ ಹತ್ತಿರ ಹೋಗಿ ಫೋಟೋ ತೆಗೆದುಕೊಂಡು, ರಾತ್ರಿ ಮನೆಯವರ ಮುಂದೆ ಕನ್ನಡದಲ್ಲಿ ಒಮ್ಮೆ ಹೇಳಿ ನೋಡುತ್ತೇನೆ.