ಗೀಸರ್ ಕಾಯಿಲ್ ಯಾರೂ ಬದಲಾಯಿಸಬೇಡಿ: 3ನೇ ಅಡ್ಡರಸ್ತೆ ವೋಲ್ಟೇಜ್ ವಿಷಯ

ಮನೆ 17: ಬೆಳಗ್ಗೆ ಆರೂವರೆಗೆ ಗೀಸರ್ ಹಾಕಿದ್ರೆ ಏಳಾದ್ರೂ ನೀರು ಉಗುರುಬೆಚ್ಚಗೆ. ಎಲೆಕ್ಟ್ರಿಷಿಯನ್ ನೋಡಿ ಕಾಯಿಲ್ ಹೋಗಿದೆ ಅಂದ್ರು. ಬೇರೆ ಯಾರ ಮನೇಲಾದ್ರೂ ಹೀಗಾಗ್ತಿದ್ಯಾ?

ಮನೆ 13: ನಮ್ಮಲ್ಲಿ ಮಿಕ್ಸಿ ಅಳ್ತಾ ಅಳ್ತಾ ತಿರುಗುತ್ತೆ ಅಕ್ಕಾ. ಚಟ್ನಿ ರುಬ್ಬೋಕೆ ಎಂಟು ಗಂಟೆವರೆಗೆ ಕಾಯ್ತೀವಿ.

ಮನೆ 4: ನಮ್ಮಲ್ಲಿ ಏನೂ ತೊಂದರೆ ಇಲ್ಲ.

ಮನೆ 13: ನಿಮ್ಮನೆ ಟಿಸಿ (ಟ್ರಾನ್ಸ್‌ಫಾರ್ಮರ್) ಪಕ್ಕದಲ್ಲೇ ಇದೆ ಸರ್, ನಿಮಗೇನು!

ಮನೆ 9 (ಮೇಷ್ಟ್ರು): ಕಾಯಿಲ್‌ಗೆ ದುಡ್ಡು ಕೊಡೋ ಮೊದಲು ಒಂದು ಲೆಕ್ಕ ನೋಡಿಬಿಡಿ ಅಮ್ಮ. ಗೀಸರ್ ಮೇಲೆ 2000 ವ್ಯಾಟ್, 230 ವೋಲ್ಟ್ ಅಂತ ಬರೆದಿರುತ್ತೆ. 2000 ÷ 230 = 8.7 ಆಂಪ್ ಎಳೀಬೇಕು. 230 ÷ 8.7 ಅಂದ್ರೆ ಸುಮಾರು 26.4 ಓಮ್, ಅದು ಕಾಯಿಲ್‌ನ ರೆಸಿಸ್ಟೆನ್ಸ್, ಕರೆಂಟ್‌ಗೆ ಅದು ಒಡ್ಡೋ ತಡೆ. ನಾಳೆ ಬೆಳಗ್ಗೆ ಮನೇಲಿ ಬೇರೆ ಎಲ್ಲಾ ಆಫ್ ಮಾಡಿ, ಗೀಸರ್ ಒಂದೇ ಹಾಕಿ, ಕರೆಂಟ್ ಮೀಟರ್‌ನ ಬಟನ್ ಒತ್ತುತ್ತಾ ಹೋಗಿ. ವೋಲ್ಟ್, ಆಂಪ್ ಎರಡೂ ಬರುತ್ತೆ. ಬೋರ್ಡ್ ಬಿಚ್ಚೋ ಸಾಹಸ ಮಾತ್ರ ಬೇಡ.

ಮನೆ 17: ಮೇಷ್ಟ್ರೇ, 190 ವೋಲ್ಟ್, 7.2 ಆಂಪ್.

ಮನೆ 9 (ಮೇಷ್ಟ್ರು): 190 ÷ 7.2 = 26.4. ಕಾಯಿಲ್ ಗಟ್ಟಿಯಾಗೇ ಇದೆ! ಈಗ ಗುಣಿಸಿ: 190 × 7.2 = 1368. ಎರಡು ಸಾವಿರ ವ್ಯಾಟ್‌ನ ಗೀಸರ್ ಸಾವಿರದ ಮುನ್ನೂರೈವತ್ತು ಚಿಲ್ಲರೆ ವ್ಯಾಟ್‌ಗೆ ಇಳಿದಿದೆ. ವೋಲ್ಟೇಜ್ ಆರನೇ ಒಂದು ಭಾಗ ಕಮ್ಮಿಯಾದ್ರೆ ಪವರ್ ಮೂರನೇ ಒಂದು ಭಾಗ ಹೋಗುತ್ತೆ, ಯಾಕಂದ್ರೆ ವೋಲ್ಟ್ ಇಳಿದಾಗ ಆಂಪೂ ಜೊತೆಗೇ ಇಳಿಯುತ್ತೆ. 15 ಲೀಟರ್ ನೀರು 25 ಡಿಗ್ರಿಯಿಂದ 55ಕ್ಕೆ ಬರೋಕೆ 16 ನಿಮಿಷ ಸಾಕಿತ್ತು, ಈಗ 23 ಬೇಕು. ನಿಮ್ಮನೇಲಿ ಮೂವರು ಸಾಲಾಗಿ ಸ್ನಾನಕ್ಕೆ ನಿಂತ್ರೆ ಕೊನೆಯವರದ್ದು ಮಾಘಸ್ನಾನವೇ.

ಮನೆ 11: ಹಾಗಾದ್ರೆ ಎಲ್ಲರೂ ಸ್ಟೆಬಿಲೈಸರ್ ತಗೊಳ್ಳೋಣ್ವಾ? ಒಟ್ಟಿಗೆ ತಗೊಂಡ್ರೆ ಅಂಗಡಿಯವರು ಕಮ್ಮಿ ಮಾಡ್ಕೊಡ್ತಾರೆ.

ಮನೆ 9 (ಮೇಷ್ಟ್ರು): ಬೇಡವೇ ಬೇಡ. ಸ್ಟೆಬಿಲೈಸರ್ ಕರೆಂಟ್ ಹುಟ್ಟಿಸಲ್ಲ. 1000 ವ್ಯಾಟ್ ಕೊಡೋಕೆ 230 ವೋಲ್ಟ್‌ನಲ್ಲಿ 4.3 ಆಂಪ್ ಸಾಕು, 190ರಲ್ಲಿ 5.3 ಎಳೆಯುತ್ತೆ. ಎಲ್ಲರೂ ಹಾಗೆ ಎಳೆದ್ರೆ ಲೈನ್ ಇನ್ನೂ ಕುಸಿಯುತ್ತೆ. ದೋಷ ಲೈನಲ್ಲಿ ಎಲ್ಲಿದೆ ಅಂತ ಹುಡುಕೋಣ. ಇವತ್ತು ರಾತ್ರಿ 11ಕ್ಕೆ, ಬೀದಿ ಮಲಗಿದ ಮೇಲೆ, ಒಬ್ಬೊಬ್ಬರಾಗಿ: ಮೊದಲು ಎಲ್ಲಾ ಆಫ್ ಇಟ್ಟು ವೋಲ್ಟ್ ಬರ್ಕೊಳ್ಳಿ, ಆಮೇಲೆ ಗೀಸರ್ ಹಾಕಿ ವೋಲ್ಟ್, ಆಂಪ್ ಬರ್ಕೊಳ್ಳಿ. ಎಷ್ಟು ವೋಲ್ಟ್ ಇಳೀತೋ ಅದನ್ನ ಆಂಪಿನಿಂದ ಭಾಗಿಸಿದ್ರೆ ಟಿಸಿಯಿಂದ ನಿಮ್ಮನೆವರೆಗಿನ ತಂತಿಯ ರೆಸಿಸ್ಟೆನ್ಸ್ ಸಿಗುತ್ತೆ.

ಮನೆ 4: 232 ಇದ್ದದ್ದು 229.5 ಆಯ್ತು. 8.7 ಆಂಪ್.

ಮನೆ 11: 230 → 226.5. 8.5 ಆಂಪ್.

ಮನೆ 13: ನಮ್ಮದು ಗೀಸರ್ ಅಲ್ಲ, 1500 ವ್ಯಾಟ್ ಕಾಯಿಲ್ ರಾಡ್. ಬಕೆಟ್‌ನಲ್ಲಿಟ್ಟು ಹಾಕ್ದೆ. 227 → 220. 6.2 ಆಂಪ್. ಅತ್ತೆ ಎದ್ದು ಬಂದು ಈ ಹೊತ್ತಲ್ಲಿ ಯಾರಿಗೆ ಸ್ನಾನ ಅಂತ ಕೇಳ್ತಿದ್ದಾರೆ.

ಮನೆ 17: 226 → 216. 8.2 ಆಂಪ್.

ಮನೆ 9 (ಮೇಷ್ಟ್ರು): ನೋಡಿ. ಮನೆ 4ಕ್ಕೆ 0.3 ಓಮ್. 11ಕ್ಕೆ 0.4. 13ಕ್ಕೆ ಏಕ್‌ದಂ 1.1. 17ಕ್ಕೆ 1.2. ಏಳು ಮನೆ ದಾಟೋಕೆ 0.1 ಓಮ್ ಏರಿದ್ದು, 11ರಿಂದ 13ಕ್ಕೆ 0.7 ಹಾರಿದೆ. ತಂತಿ ಉದ್ದಕ್ಕೆ ಇಷ್ಟು ಏರಲ್ಲ. 11, 13ರ ಮಧ್ಯೆ ಹೊಂಗೆ ಮರದ ಹತ್ತಿರದ ಕಂಬದಲ್ಲಿ ಜಾಯಿಂಟ್ ಕೆಟ್ಟಿದೆ.

ಮನೆ 22: ಮಧ್ಯೆ ಬಾಯಿ ಹಾಕ್ತೀನಿ, ಕ್ಷಮಿಸಿ. ನೀವೆಲ್ಲ ಕಮ್ಮಿ ಅಂತಿದ್ದೀರಿ, ನಮ್ಮಲ್ಲಿ ಬೆಳಗ್ಗೆ ಹೊತ್ತು 248 ತೋರಿಸುತ್ತೆ. ಹೋದ ವಾರ ಸೆಟ್‌ಟಾಪ್ ಬಾಕ್ಸ್ ಸುಟ್ಟುಹೋಯ್ತು. ಈಗ 17ರವರು ಗೀಸರ್ ಹಾಕಿದಾಗ ನಮ್ಮದು 231ರಿಂದ 234ಕ್ಕೆ ಏರ್ತು!

ಮನೆ 9 (ಮೇಷ್ಟ್ರು): ಇದನ್ನ ಮೊದಲೇ ಹೇಳಬಾರದಿತ್ತಾ! ನಿಮ್ಮದು ಬೇರೆ ಫೇಸು, ಅಂದ್ರೆ ಕರೆಂಟ್ ತರೋ ಮೂರು ತಂತಿಗಳಲ್ಲಿ ಬೇರೆಯದು. 17ರವರದ್ದು ಇಳಿದಾಗ ನಿಮ್ಮದು ಏರುತ್ತೆ ಅಂದ್ರೆ ಕೆಟ್ಟಿರೋದು ನ್ಯೂಟ್ರಲ್ ಜಾಯಿಂಟ್. ಮೂರೂ ಫೇಸಿಗೆ ಅದೊಂದೇ ವಾಪಸ್ ದಾರಿ. ಅದು ಪೂರ್ತಿ ಕಿತ್ತುಹೋದ್ರೆ ಕೆಲವು ಮನೆಗೆ 300 ವೋಲ್ಟ್ ದಾಟಿ ನುಗ್ಗಬಹುದು. ಎಲ್‌ಟಿ ಲೈನ್‌ಗೆ (ಟಿಸಿಯಿಂದ ಮನೆಗೆ ಬರೋ ಲೈನ್) 230ರ ಮೇಲೆ ಕೆಳಗೆ ಶೇ. 6 ಅಂತ ಮಿತಿ, ಅಂದ್ರೆ 216ರಿಂದ 244. ನಮ್ಮ ಬೀದಿ ಬೆಳಗ್ಗೆ ಎರಡೂ ಕಡೆ ದಾಟಿದೆ. 22ರವರು, ಆ ಸಾಲಿನವರು ಈಗಲೇ ಟಿವಿ, ಫ್ರಿಜ್ ಪ್ಲಗ್ ಕೀಳಿ.

ಮನೆ 11: ಅಷ್ಟು ಗಾಬರಿ ಬೇಕಾ ಸರ್? 0.7 ಓಮ್ ಅಷ್ಟೇ ಅಲ್ವಾ.

ಮನೆ 9 (ಮೇಷ್ಟ್ರು): ಒಂದೇ ಗೀಸರ್‌ನ 8.2 ಆಂಪಿಗೆ ಆ ಗಂಟಿನಲ್ಲಿ 8.2 × 8.2 × 0.7, ಸುಮಾರು 47 ವ್ಯಾಟ್ ಶಾಖ. ಕರೆಂಟ್ ದುಪ್ಪಟ್ಟಾದ್ರೆ ಶಾಖ ನಾಲ್ಕು ಪಟ್ಟು. ಬೆಳಗ್ಗೆ ಎಷ್ಟು ಗೀಸರ್ ಓಡುತ್ತೆ ನೀವೇ ಎಣಿಸಿ.

ಕಾರ್ಯದರ್ಶಿ: 1912ಕ್ಕೆ ಫೋನ್ ಮಾಡಿ ದೂರಿನ ನಂಬರ್ ತಗೊಂಡಿದ್ದೀನಿ. ಹಿಂದೆ ಎರಡು ಸಲ ‘ಲೋ ವೋಲ್ಟೇಜ್’ ಅಂತಷ್ಟೇ ಬರೆಸಿದ್ದೆ, ಲೋಡ್ ಜಾಸ್ತಿ ಅಂತ ಹೇಳಿ ಮುಗಿಸಿದ್ರು. ಈ ಸಲ ‘ನ್ಯೂಟ್ರಲ್ ಲೂಸ್, 190 ಮತ್ತು 248’ ಅಂತ ಬರೆಸಿದೆ. ನಾಲ್ಕೂ ಮನೆ ರೀಡಿಂಗ್ ಒಂದು ಹಾಳೆಗೆ ಇಳಿಸಿ ಬೆಳಗ್ಗೆ ಆಫೀಸಿಗೆ ಕೊಡ್ತೀನಿ. 13ರವರೇ ಜೊತೆಗೆ ಬನ್ನಿ.

ಮನೆ 13: ಬರ್ತೀನಿ ಸರ್, ತಿಂಡಿ ಆದ ತಕ್ಷಣ.

ಕಾರ್ಯದರ್ಶಿ: ಲೈನ್‌ಮನ್ ಕಂಬ ಹತ್ತಿದ್ದಾರೆ. ಲೈನ್ ಆಫ್ ಆಗಿದೆ, ಒಂದು ಗಂಟೆ ಬೇಕಂತೆ. ದಯವಿಟ್ಟು ಯಾರಾದ್ರೂ ಇನ್ವರ್ಟರ್, ಜನರೇಟರ್ ಮನೆ ಲೈನ್‌ಗೆ ಅಡ್ಡಾದಿಡ್ಡಿ ಕೊಟ್ಟಿದ್ರೆ ತೆಗೀರಿ. ಮೇಲಿರೋರು ಮನುಷ್ಯರು.

ಕಾರ್ಯದರ್ಶಿ: ನ್ಯೂಟ್ರಲ್ ಜಂಪರ್ (ಜಾಯಿಂಟ್‌ನಲ್ಲಿ ಜೋಡಿಸೋ ತುಂಡು ತಂತಿ) ಕಪ್ಪಗೆ ಸೀದುಹೋಗಿತ್ತು. ಕತ್ತರಿಸಿ ಹೊಸದು ಹಾಕಿದ್ರು. ಮೇಷ್ಟ್ರು ಹೇಳಿದ ಕಂಬವೇ.

ಮನೆ 17: 226 → 222.6. 8.4 ಆಂಪ್. ಭಾಗಿಸಿದ್ರೆ 0.4 ಬಂತು ಮೇಷ್ಟ್ರೇ, ಈ ಸಲ ನಾನೇ ಮಾಡ್ದೆ.

ಮನೆ 9 (ಮೇಷ್ಟ್ರು): ಸರಿಯಾಗಿದೆ. ನಾಳೆ ಬೆಳಗ್ಗೆ ಆರೂವರೆಗೆ ಇನ್ನೊಂದ್ಸಲ ನೋಡಿ ಹೇಳಿ, ನಿಜವಾದ ಪರೀಕ್ಷೆ ಆಗಲೇ.

ಮನೆ 22: ಎಲ್ಲಾ ಸರಿ, ನಮ್ಮ ಸೆಟ್‌ಟಾಪ್ ಬಾಕ್ಸ್ ಯಾರು ಕೊಡಿಸ್ತಾರೆ?