ಜೋಗಿಮಟ್ಟಿಯ ಗಾಳಿಯಲ್ಲಿ ಕಾಡುಹೂವಿನ ಫೋಟೋ ತೆಗೆಯೋದು ಹೇಗೆ?

ಬೆಣ್ಣೆನಗರಿ:
ಎಲ್ಲರಿಗೂ ನಮಸ್ಕಾರ. ನಾನು ದಾವಣಗೆರೆಯವಳು. ಗೌರಿ ಹಬ್ಬ ಮುಗಿದ ಮೇಲೆ ಒಂದು ಭಾನುವಾರ ನಸುಕಿಗೇ ಹೊರಟು ಚಿತ್ರದುರ್ಗದ ಪಕ್ಕದ ಜೋಗಿಮಟ್ಟಿ ಗುಡ್ಡ ನೋಡಿಕೊಂಡು ಸಂಜೆಯೊಳಗೆ ವಾಪಸ್ ಬರಬೇಕು ಅಂತಿದ್ದೇನೆ. ಕಾಡುಹೂವಿನ ಫೋಟೋ ತೆಗೆಯೋದಷ್ಟೇ ಆಸೆ. ಹಳೇ ಕ್ಯಾಮೆರಾ ಇದೆ, 50 ಎಂಎಂ ಲೆನ್ಸ್ ಇದೆ, ತೀರಾ ಹತ್ತಿರದಿಂದ ತೆಗೆಯೋ ಮ್ಯಾಕ್ರೋ ಲೆನ್ಸ್ ಇಲ್ಲ. ಆದರೆ ಅಲ್ಲಿ ಗಾಳಿ ಜೋರು ಅಲ್ವಾ, ಹೂ ನಿಲ್ಲೋದೇ ಇಲ್ಲ. ಹೇಗೆ ತೆಗೀತೀರಿ? ಯಾವ ಹೂ ಸಿಗಬಹುದು?

ಕೋಟೆಹಾದಿ:
ಗಾಳಿ ಇರೋದಕ್ಕೇ ಅಲ್ವಾ ಮೇಡಂ, ದುರ್ಗದ ಸುತ್ತ ಗುಡ್ಡಗಳ ಮೇಲೆ ಅಷ್ಟೊಂದು ಗಾಳಿ ವಿದ್ಯುತ್ ಫ್ಯಾನ್ ನಿಲ್ಲಿಸಿರೋದು. ನೆತ್ತಿಯಲ್ಲಿ ಹೂ ಹುಡುಕಬೇಡಿ. ರಸ್ತೆ ತಿರುವು, ಬಂಡೆ ಮರೆ, ಅಂಥ ಕಡೆ ನೋಡಿ. ಗಾಳಿಗೆ ಬೆನ್ನು ಕೊಟ್ಟು ಕೂತರೆ ಅರ್ಧ ಕೆಲಸ ಆಯ್ತು. ಶಟರ್ ವೇಗ ಸೆಕೆಂಡಿನ 1/500ಕ್ಕಿಂತ ನಿಧಾನ ಮಾಡಬೇಡಿ, ಐಎಸ್‌ಒ, ಅಂದರೆ ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ, 800 ಆದರೂ ಚಿಂತೆ ಇಲ್ಲ, ಫೋಟೋ ಸ್ವಲ್ಪ ಕಾಳುಕಾಳಾದರೂ ನೋಡಬಹುದು, ಅಲುಗಿದ್ದನ್ನು ನೋಡೋಕಾಗಲ್ಲ. ಇನ್ನೊಂದು, ಹೂ ಒಂದು ಪಕ್ಕಕ್ಕೆ ಪೂರ್ತಿ ವಾಲಿ ವಾಪಸ್ ಬರೋ ಮುಂಚೆ ಚೂರು ನಿಲ್ಲುತ್ತೆ. ಅದನ್ನು ಕಾದು ಒತ್ತಿ.

ಆ ಹೊತ್ತಿಗೆ ಗೌರಿ ಹೂ ಸಿಗಬೇಕು. ಪೊದೆ ಮೇಲೆ ಹಬ್ಬಿರುತ್ತೆ. ಎಲೆಯ ತುದಿಯೇ ಸುರುಳಿಯಾಗಿ ಪಕ್ಕದ ಕಡ್ಡಿಯನ್ನು ಹಿಡಿದಿರುತ್ತೆ, ಆ ಹಿಡಿತವನ್ನು ಹತ್ತಿರದಿಂದ ತೆಗೀರಿ, ಹೂವಿಗಿಂತ ಚೆಂದ ನನಗೆ. ಹೊಸದಾಗಿ ಅರಳಿದ್ದು ಹಸಿರು ಹಳದಿ, ಹಳತಾದಂತೆ ಕೆಂಪು. ಎರಡೂ ಒಂದೇ ಬಳ್ಳಿಯಲ್ಲಿ ಸಿಕ್ಕರೆ ಬಿಡಬೇಡಿ. ಕೆಂಪು ಬಣ್ಣ ಕ್ಯಾಮೆರಾದಲ್ಲಿ ಬೇಗ ಮುದ್ದೆಯಾಗಿ ಎಸಳಿನ ಗೆರೆ ಕಾಣದ ಹಾಗೆ ಆಗುತ್ತೆ, ಅದಕ್ಕೇ ಫೋಟೋಗೆ ಬೀಳೋ ಬೆಳಕು, ಅಂದರೆ ಎಕ್ಸ್‌ಪೋಷರ್ ಸ್ವಲ್ಪ ಇಳಿಸಿ. ಗಿಡ ಪೂರ್ತಿ ವಿಷ, ಗೆಡ್ಡೆಯಂತೂ ಜಾಸ್ತಿ. ಮಕ್ಕಳು ಜೊತೆಗಿದ್ದರೆ ಹುಷಾರು.

ತುಂಬೆಗಿಡ:
ವಿಷ್ಣುಕ್ರಾಂತಿ ತೆಗೆಯೋ ಆಸೆ ಇದ್ದರೆ ಬೆಳಿಗ್ಗೆಯೇ ತೆಗೀರಿ ಅಕ್ಕ, ಬಿಸಿಲು ಏರಿದ ಮೇಲೆ ಮುಚ್ಚಿಕೊಳ್ಳುತ್ತೆ. ನೆಲಕ್ಕೆ ಅಂಟಿಕೊಂಡೇ ಇರುತ್ತೆ, ಹೂ ನಮ್ಮ ಕಿರುಬೆರಳಿನ ಉಗುರಿನಷ್ಟು. ನಿಂತು ಮೇಲಿಂದ ತೆಗೆದರೆ ಬರೀ ನೀಲಿ ಚುಕ್ಕೆ. ಗೋಣಿಚೀಲ ಹಾಸಿ ಮಲಗಲೇಬೇಕು. 50 ಎಂಎಂ ಲೆನ್ಸಿಗೂ ಕ್ಯಾಮೆರಾಗೂ ಮಧ್ಯೆ ಎಕ್ಸ್‌ಟೆನ್ಷನ್ ಟ್ಯೂಬ್ ಹಾಕಿ, ಲೆನ್ಸ್ ಇನ್ನೂ ಹತ್ತಿರದಿಂದ ಫೋಕಸ್ ಮಾಡುತ್ತೆ; ಅದು ಬರೀ ಕೊಳವೆ, ಒಳಗೆ ಗಾಜೇ ಇರಲ್ಲ, ಮ್ಯಾಕ್ರೋ ಲೆನ್ಸಿಗಿಂತ ಎಷ್ಟೋ ಅಗ್ಗ. ತುಂಬೆ ಹೂವಿನ ಬಿಳಿಗೂ ಎಕ್ಸ್‌ಪೋಷರ್ ಇಳಿಸಬೇಕು. ಮೋಡ ಇದ್ದ ದಿನ ಬೇಜಾರು ಮಾಡ್ಕೋಬೇಡಿ, ಹೂವಿಗೆ ಅದೇ ಒಳ್ಳೆ ಬೆಳಕು.

ಬೆಣ್ಣೆನಗರಿ:
ತುಂಬಾ ಥ್ಯಾಂಕ್ಸ್ ಇಬ್ಬರಿಗೂ. ಅಡ್ಡ ಬರೋ ಹುಲ್ಲು ಕಿತ್ತು, ದಂಟಿಗೆ ಕಡ್ಡಿ ಕಟ್ಟಿ ತೆಗೆಯಬಹುದಾ? ಒಂದು ವಿಡಿಯೋದಲ್ಲಿ ನೋಡಿದೆ.

ಹಳೇದುರ್ಗ:
ದಯವಿಟ್ಟು ಬೇಡಮ್ಮ. ಅದು ವನ್ಯಜೀವಿಧಾಮ, ಹುಲ್ಲು ಕೂಡ ಅಲ್ಲಿಯದೇ. ಅಡ್ಡ ಬಂದದ್ದನ್ನು ಕೈಯಲ್ಲಿ ಮೆಲ್ಲಗೆ ಪಕ್ಕಕ್ಕೆ ಸರಿಸಿ, ಫೋಟೋ ತೆಗೆದು ಬಿಟ್ಟುಬಿಡಿ. ಹೂ ಕಿತ್ತು ಬಂಡೆ ಮೇಲಿಟ್ಟು ತೆಗೆಯೋರನ್ನು ಕಂಡರೆ ನನಗೆ ನಿಜಕ್ಕೂ ಸಂಕಟ ಆಗುತ್ತೆ. ಕಿತ್ತ ಹೂ ಬೀಜ ಕಟ್ಟಲ್ಲ, ಅಷ್ಟೇ. ಮತ್ತೆ ಹೂವಿನ ಜೊತೆ ಎಲೆ, ಪೂರ್ತಿ ಗಿಡ, ಎರಡನ್ನೂ ಒಂದೊಂದು ತೆಗೆದಿಡಿ. ಬರೀ ಹೂ ತೋರಿಸಿ ಹೆಸರು ಕೇಳಿದರೆ ಗೊತ್ತಿದ್ದವರಿಗೂ ಹೇಳೋದು ಕಷ್ಟ. ಕರಡಿ ಇರೋ ಕಾಡು, ರಸ್ತೆ ಬಿಟ್ಟು ಪೊದೆ ಒಳಗೆ ಒಬ್ಬರೇ ನುಗ್ಗಬೇಡಿ. ಹೊರಡೋ ಮುಂಚೆ ಅರಣ್ಯ ಇಲಾಖೆಯವರ ಹತ್ತಿರ ಗೇಟ್ ಟೈಮ್ ಕೇಳಿಕೊಳ್ಳಿ.